ಸಕ್ಕರೆ ಕಾಯಿಲೆ ಇದ್ದವರ ಬಾಯಿ ಒಣಗುವುದೇಕೆ? ದಂತವೈದ್ಯರಿಗೆ ಕೇಳಿದ ಪ್ರಶ್ನೆಗಳು

ಪ್ರಶ್ನೆ, ಬೆಟಗೇರಿಯಿಂದ: ನಮಸ್ಕಾರ ಡಾಕ್ಟರೇ. ನಮ್ಮ ಅವ್ವನಿಗೆ 63 ವರ್ಷ, ಸಕ್ಕರೆ ಕಾಯಿಲೆ ಹಳೆಯದು. ಈಚೆಗೆ ನಡುರಾತ್ರಿ ನಾಲಿಗೆ ಅಂಗುಳಕ್ಕೆ ಅಂಟಿಕೊಂಡು ಎಚ್ಚರವಾಗುತ್ತದೆ ಎನ್ನುತ್ತಾರೆ. ರೊಟ್ಟಿಯ ಪ್ರತಿ ತುತ್ತಿಗೂ ನೀರು ಬೇಕು. ಬಾಯಿ ಹಸಿಯಾಗಿರಲೆಂದು ನಿಂಬೆಹುಳಿ ಪೆಪ್ಪರಮೆಂಟು ಚೀಪುತ್ತಿರುತ್ತಾರೆ. ಸಕ್ಕರೆಗೆ ಮೆಟ್‌ಫಾರ್ಮಿನ್, ಬಿಪಿ ಮಾತ್ರೆ, ಕಾಲುರಿಗೆ ರಾತ್ರಿ ಅಮಿಟ್ರಿಪ್ಟಿಲಿನ್ ತೆಗೆದುಕೊಳ್ಳುತ್ತಾರೆ. ನೀರು ಜಾಸ್ತಿ ಕುಡಿಸಿದರೆ ಸಾಕೇ?

ಉತ್ತರ, ಹುಬ್ಬಳ್ಳಿಯ ದಂತವೈದ್ಯ: ನಮಸ್ಕಾರ ಮೇಡಂ. ಮಾತ್ರೆಗಳ ಹೆಸರು ಬರೆದು ಒಳ್ಳೆಯದು ಮಾಡಿದಿರಿ. ಹಲವರು 'ಬಿಳಿ ಮಾತ್ರೆ, ಕೆಂಪು ಮಾತ್ರೆ' ಎಂದು ಬರೆಯುತ್ತಾರೆ, ಅದರಿಂದ ಏನೂ ತಿಳಿಯುವುದಿಲ್ಲ.

ನೀರು ಬೇಕು, ಆದರೆ ನೀರೊಂದರಿಂದಲೇ ಇದು ಹೋಗುವುದಿಲ್ಲ. ರಕ್ತದಲ್ಲಿ ಸಕ್ಕರೆ ಸುಮಾರು 180 ದಾಟಿದರೆ ಮೂತ್ರಪಿಂಡ ಅದನ್ನು ಹೊರಗೆ ಹಾಕತೊಡಗುತ್ತದೆ, ಜೊತೆಗೆ ಮೈಯ ನೀರೂ ಹೋಗುತ್ತದೆ. ಹಾಗಾಗಿ ಅವ್ವನಿಗೆ ಬಾಯಿ ಒಣಗಿ ಎಚ್ಚರವಾದಾಗ ಗ್ಲುಕೋಮೀಟರಿನಲ್ಲಿ ಒಮ್ಮೆ ನೋಡಿ, ಅಂಕಿಯನ್ನು ಹೊತ್ತಿನ ಸಮೇತ ಬರೆದಿಡಿ. ಅಂಕಿ ಮಿತಿಯಲ್ಲೇ ಇದ್ದರೆ ಮಾತ್ರೆಗಳ ಕಡೆ ನೋಡಬೇಕು. ಅಮಿಟ್ರಿಪ್ಟಿಲಿನ್ ಜೊಲ್ಲಿನ ಗ್ರಂಥಿಗಳಿಗೆ ಹೋಗುವ ನರಸಂದೇಶವನ್ನೇ ತಡೆಯುತ್ತದೆ, ಬಾಯಿ ಒಣಗಿಸುವುದರಲ್ಲಿ ಅದು ಹೆಸರಾದ ಮಾತ್ರೆ. ಬಿಪಿ ಮಾತ್ರೆಯ ಹಾಳೆಯ ಹಿಂದೆ ಹೈಡ್ರೋಕ್ಲೋರೋಥಯಾಜೈಡ್ ಅಥವಾ ಕ್ಲೋರ್ಥಾಲಿಡೋನ್ ಎಂದಿದ್ದರೆ ಅದು ಮೂತ್ರ ಹೆಚ್ಚಿಸುವ ಔಷಧ, ಅದರಿಂದಲೂ ಬಾಯಿ ಒಣಗಬಹುದು. ಯಾವುದನ್ನೂ ನೀವಾಗಿ ನಿಲ್ಲಿಸಬೇಡಿ. ಹಾಳೆಗಳನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿ ಸಕ್ಕರೆ ನೋಡುವ ವೈದ್ಯರ ಮುಂದಿಡಿ. ಪ್ರಮಾಣ ಇಳಿಸುವುದೋ, ಬೇರೆ ಕೊಡುವುದೋ ಅವರು ನಿರ್ಧರಿಸುತ್ತಾರೆ.

ಪೆಪ್ಪರಮೆಂಟನ್ನು ಮಾತ್ರ ಇವತ್ತೇ ಬಿಡಿಸಿ. ಸಕ್ಕರೆ ಏರುವುದು ಒಂದು ಕಡೆಯಾದರೆ, ಹಲ್ಲಿನ ಲೆಕ್ಕ ಇನ್ನೊಂದು ಕಡೆ. ತಿಂದದ್ದರ ಆಮ್ಲವನ್ನು ತಣಿಸುವುದು ಜೊಲ್ಲು. ಬಾಯಿಯ ಪಿಎಚ್ (ಆಮ್ಲದ ಅಳತೆ, ಅಂಕಿ ಇಳಿದಷ್ಟೂ ಆಮ್ಲ ಹೆಚ್ಚು) ಸುಮಾರು 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್ ಕರಗತೊಡಗುತ್ತದೆ, ಬೇರಿನ ಭಾಗ ಅದಕ್ಕೂ ಮೊದಲೇ. ಜೊಲ್ಲಿಲ್ಲದ ಬಾಯಲ್ಲಿ ಹುಳಿಸಿಹಿ ಚೀಪುತ್ತಿದ್ದರೆ ವಸಡಿನ ಅಂಚಿನಲ್ಲೇ ಸುತ್ತಲೂ ಹುಳುಕು ಹಿಡಿಯುತ್ತದೆ. ಅಂಥ ಬಾಯಿಯ ಕೆನ್ನೆಯ ಒಳಬದಿಗೆ ನನ್ನ ಪುಟ್ಟ ಕನ್ನಡಿ ತಾಗಿಸಿದರೆ ಜಾರುವುದಿಲ್ಲ, ಹಿಡಿದುಕೊಂಡಂತೆ ಅಂಟಿ ನಿಲ್ಲುತ್ತದೆ. ಒಣಗುವಿಕೆಯನ್ನು ನಾವು ಮೊದಲು ಗುರುತಿಸುವುದು ಹೀಗೆ. ಚೀಪಲೇಬೇಕೆಂದರೆ ಜೈಲಿಟಾಲ್ (ಹಲ್ಲು ಹುಳುಕಿಸದ ಸಿಹಿ) ಇರುವ, ಸಕ್ಕರೆ ಇಲ್ಲದ ಚೂಯಿಂಗ್ ಗಮ್ ಸಾಕು. ಅಗಿಯುವುದರಿಂದಲೇ ಜೊಲ್ಲು ಬರುತ್ತದೆ.

ಊಟದಲ್ಲಿ ಕಡಕ್ ರೊಟ್ಟಿ, ಒಣ ಶೇಂಗಾ ಚಟ್ನಿ ಸದ್ಯ ಬೇಡ. ಬಿಸಿ ರೊಟ್ಟಿಯನ್ನು ಬೇಳೆ ಸಾರಿನಲ್ಲೋ ಮೊಸರಿನಲ್ಲೋ ನೆನೆಸಿ ಉಣ್ಣಲಿ. ಮಜ್ಜಿಗೆ ಒಳ್ಳೆಯದು, ಬಿಪಿ ಇರುವುದರಿಂದ ಉಪ್ಪು ಕಡಿಮೆ ಇರಲಿ. ನೀರನ್ನು ಲೋಟಗಟ್ಟಲೆ ಕುಡಿಯುವ ಬದಲು ಗುಟುಕು ಗುಟುಕಾಗಿ ಕುಡಿಯಲಿ. ಹೃದಯದ ಅಥವಾ ಮೂತ್ರಪಿಂಡದ ತೊಂದರೆಯಿಂದ ನೀರಿಗೆ ಮಿತಿ ಹೇಳಿದ್ದರೆ ಆ ಮಿತಿಯೇ ಅಂತಿಮ. ಫ್ಲೋರೈಡ್ ಪೇಸ್ಟಿನಿಂದ ಎರಡು ಹೊತ್ತು ಉಜ್ಜಿ ಉಗುಳಲಿ, ಕೂಡಲೇ ನೀರಿನಿಂದ ಮುಕ್ಕಳಿಸಬಾರದು. ಕಟ್ಟಿಸಿದ ಹಲ್ಲಿನ ಸೆಟ್ಟನ್ನು ರಾತ್ರಿ ತೆಗೆದಿಡಬೇಕು. ಅದರ ಕೆಳಗೆ ಕೆಂಪಾಗಿ ಉರಿದರೆ, ಅಥವಾ ನಾಲಿಗೆಯ ಮೇಲೆ ಒರೆಸಿದರೆ ಹೋಗುವ ಬಿಳಿ ಪದರ ಕಂಡರೆ, ಅದು ಶಿಲೀಂಧ್ರ, ತೋರಿಸಿ.

ಪ್ರಶ್ನೆ, ಧಾರವಾಡದಿಂದ: ಸರ್, ಔಷಧದ ಅಂಗಡಿಯ ಮೌತ್‌ವಾಶ್ ಬಳಸಬಹುದೇ?

ಉತ್ತರ: ಆಲ್ಕೋಹಾಲ್ ಇಲ್ಲದ್ದಾದರೆ ಬಳಸಬಹುದು. ಬಾಯಿ ಚುರುಗುಟ್ಟಿದರೆ ಮಾತ್ರ ಸ್ವಚ್ಛವಾಯಿತು ಎಂಬ ನಂಬಿಕೆ ನಮ್ಮವರಿಗೆ ಗಟ್ಟಿಯಾಗಿದೆ. ಆದರೆ ಚುರುಗುಟ್ಟುವ ಮೌತ್‌ವಾಶ್ ಒಣ ಬಾಯಿಗೆ ಹಿಂಸೆ.

ಪ್ರಶ್ನೆ, ಹಾವೇರಿಯಿಂದ: ನಮ್ಮ ಅಪ್ಪನಿಗೂ ಸಕ್ಕರೆ ಇದೆ. ಅಡಿಕೆ, ತಂಬಾಕು ಹಾಕಿಕೊಂಡರೆ ಬಾಯಲ್ಲಿ ನೀರು ಬರುತ್ತದೆ, ಅದೇ ನನಗೆ ಔಷಧಿ ಎನ್ನುತ್ತಾರೆ.

ಉತ್ತರ: ಆ ಗಳಿಗೆಗೆ ಬರುತ್ತದೆ, ನಿಜ. ಆದರೆ ಅಡಿಕೆ ಕೆನ್ನೆಯ ಒಳಪದರವನ್ನು ಬಿಗಿಗೊಳಿಸುತ್ತಾ ಹೋಗುತ್ತದೆ, ತಂಬಾಕು ಕ್ಯಾನ್ಸರಿಗೆ ದಾರಿ ಮಾಡುತ್ತದೆ. ಒಂದು ಕೆಲಸ ಮಾಡಿ: ಅಪ್ಪನವರಿಗೆ ಬಾಯಿ ತೆರೆದು ಅವರದೇ ಮೂರು ಬೆರಳನ್ನು ನೆಟ್ಟಗೆ ಹಿಡಿದು ಒಳಗೆ ಇಡಲು ಹೇಳಿ. ಹಿಡಿಸದಿದ್ದರೆ, ಅಥವಾ ಎರಡು ವಾರವಾದರೂ ಮಾಯದ ಹುಣ್ಣಿದ್ದರೆ ಕೂಡಲೇ ದಂತವೈದ್ಯರಿಗೆ ತೋರಿಸಿ. ಧಾರವಾಡದ ಸತ್ತೂರಿನ ಎಸ್‌ಡಿಎಂ ದಂತ ಕಾಲೇಜಿಗೂ ಹೋಗಬಹುದು. ಜಗಳವಾಡಿ ಬಿಡಿಸುವುದು ಕಷ್ಟ. ಬೆರಳು ಹಿಡಿಸುವುದಿಲ್ಲ ಎಂದು ಕಣ್ಣಾರೆ ಕಂಡವರು ಬೇಗ ಮಾತು ಕೇಳುತ್ತಾರೆ.

ಬೆಟಗೇರಿಯಿಂದ ಮತ್ತೆ: ಡಾಕ್ಟರೇ, ನಿನ್ನೆ ರಾತ್ರಿ ಎರಡಕ್ಕೆ ನೋಡಿದಾಗ 246 ಇತ್ತು. ಬಿಪಿ ಮಾತ್ರೆಯಲ್ಲಿ ಕ್ಲೋರ್ಥಾಲಿಡೋನ್ ಇದೆ.

ಉತ್ತರ: ಹಾಗಾದರೆ ಮೂರೂ ಕಾರಣಗಳು ಒಟ್ಟಿಗಿವೆ. ಮುಂದಿನ ತಪಾಸಣೆಯವರೆಗೆ ಕಾಯದೆ ಈ ವಾರವೇ ವೈದ್ಯರನ್ನು ಕಾಣಿ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಈಚೆಗೆ ಆಗಿಲ್ಲದಿದ್ದರೆ ಕೇಳಿ ಮಾಡಿಸಿ. ಅಷ್ಟರೊಳಗೆ ಬಾಯಾರಿಕೆಯ ಜೊತೆ ವಾಂತಿ, ಏದುಸಿರು ಅಥವಾ ಮಂಪರು ಕಂಡರೆ ಇಲ್ಲಿ ಬರೆಯುತ್ತಾ ಕೂರಬೇಡಿ, ನೇರವಾಗಿ ಆಸ್ಪತ್ರೆಗೆ ಕರೆದೊಯ್ಯಿರಿ. ಸಕ್ಕರೆ ಹತೋಟಿಗೆ ಬಂದ ಮೇಲೆ ಹಲ್ಲು, ವಸಡು ನೋಡಲು ಒಮ್ಮೆ ಕರೆತನ್ನಿ. ಬರುವಾಗ ಹಲ್ಲಿನ ಸೆಟ್ಟೂ ಜೊತೆಗಿರಲಿ.