ಮೈಸೂರು ಲ್ಯಾನ್ಸರ್ಸ್‌ನಲ್ಲಿದ್ದ ಅಜ್ಜಿಯ ದೊಡ್ಡಪ್ಪ: ಎಲ್ಲಿ ಹುಡುಕಲಿ?

ಪ್ರಶ್ನೆ:
ಬೆಂಗಳೂರಿನ ಜೆ.ಸಿ. ನಗರದ ಲ್ಯಾನ್ಸರ್ಸ್ ಸ್ಮಾರಕ ನಮ್ಮ ಮನೆಗೆ ಹತ್ತಿರ. ನಮ್ಮಜ್ಜಿಯ ದೊಡ್ಡಪ್ಪ ಮೈಸೂರು ಸಂಸ್ಥಾನದ ಆ ಕುದುರೆ ಪಡೆಯಲ್ಲಿದ್ದರಂತೆ. ಮೊದಲ ಮಹಾಯುದ್ಧಕ್ಕೆ ಹಡಗು ಹತ್ತಿದವರು ವಾಪಸ್ ಬರಲೇ ಇಲ್ಲ. ಮನೆಯಲ್ಲಿ ಒಂದು ಫೋಟೊ ಕೂಡ ಇಲ್ಲ. ಸಮಾಧಿ ಎಲ್ಲಿದೆ ಅಂತ ಹೇಗೆ ಹುಡುಕುವುದು?

ಉತ್ತರ 1:
ಮಹಾಯುದ್ಧಗಳಲ್ಲಿ ಸತ್ತ ಸೈನಿಕರ ಸಮಾಧಿ, ಸ್ಮಾರಕಗಳ ದಾಖಲೆ ಇಡುವ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ವೆಬ್‌ಸೈಟಿನಲ್ಲಿ ನೋಡಿ. ದುಡ್ಡು ಕೊಡಬೇಕಿಲ್ಲ. ಸ್ಪೆಲಿಂಗ್ ಹೇಗೆ ಬೇಕಾದರೂ ಇರಬಹುದು, ಹೆಸರು ಸಿಗದಿದ್ದರೆ ಪಡೆಯ ಹೆಸರು ಹಾಕಿ.

ಉತ್ತರ 2:
ಸಮಾಧಿಯೇ ಸಿಗುತ್ತದೆ ಅಂತ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ ಮೇಡಂ. ಈ ಪಡೆ ಹೋರಾಡಿದ ಈಜಿಪ್ಟ್, ಪ್ಯಾಲೆಸ್ಟೈನ್ ಕಡೆ ಸತ್ತ ಸುಮಾರು 4,000 ಭಾರತೀಯ ಸೈನಿಕರಿಗೆ ಸೇರಿ ಒಂದೇ ಸ್ಮಾರಕ. 1926ರಲ್ಲಿ ಸೂಯೆಜ್ ಕಾಲುವೆಯ ತುದಿಯಲ್ಲಿ, ಪೋರ್ಟ್ ತೌಫಿಕ್‌ನಲ್ಲಿ ಕಟ್ಟಿದ್ದರು. ಮುಂದೆ ಈಜಿಪ್ಟ್-ಇಸ್ರೇಲ್ ಯುದ್ಧದಲ್ಲಿ ಅದೂ ಹಾಳಾಯಿತು, ನೋಡಿ ಹಣೆಬರಹ! ಈಗಿರುವುದು ಕೈರೋದ ಹೀಲಿಯೋಪೊಲಿಸ್‌ನಲ್ಲಿ, 1980ರದ್ದು.

ಉತ್ತರ 3:
ಈ ಪಡೆಯ ದೊಡ್ಡ ಕದನ ಅಂದರೆ 1918ರ ಸೆಪ್ಟೆಂಬರ್ 23, ಹೈಫಾ (ಈಗ ಇಸ್ರೇಲ್‌ನಲ್ಲಿರುವ ಊರು). ಜೋಧ್‌ಪುರದ ಕುದುರೆ ಪಡೆಯವರು ಊರೊಳಗೆ ನುಗ್ಗಿದ್ದನ್ನು ಎಲ್ಲರೂ ಹೇಳುತ್ತಾರೆ. ನಮ್ಮ ಮೈಸೂರಿನವರು ಪಕ್ಕದ ಕಾರ್ಮೆಲ್ ಗುಡ್ಡದ ಕಡಿದಾದ ಏರು ಹತ್ತಿ ಫಿರಂಗಿ ಹಿಡಿದದ್ದು ಯಾರ ಬಾಯಲ್ಲೂ ಬರುವುದಿಲ್ಲ, ಅಲ್ವಾ?

ಕೇಳಿದವರು:
ಥ್ಯಾಂಕ್ಸ್. ಅಜ್ಜಿಗೆ ಗೊತ್ತಿರುವುದು ಮನೆಯಲ್ಲಿ ಕರೆಯುತ್ತಿದ್ದ ಹೆಸರು ಮಾತ್ರ. ಪಡೆಯ ಹೆಸರಿನಿಂದಲೇ ಶುರು ಮಾಡುತ್ತೇನೆ.