ಸಿಡಿಲಿಗೆ ಕಂಪ್ಯೂಟರ್ ಜೊತೆ ಬ್ಯಾಕಪ್ ಡಿಸ್ಕ್ ಕೂಡ ಹೋಯಿತು, ಏನು ಮಾಡಲಿ?

ಗಂಜ್ ಲೆಕ್ಕಿಗ (ಕಲಬುರಗಿ):
ನಮ್ಮದು ತೊಗರಿ ಬೇಳೆ ಮಿಲ್. ಮೊನ್ನೆ ಸಂಜೆಯ ಸಿಡಿಲಿಗೆ ಟ್ಯಾಲಿ (ಲೆಕ್ಕ ಬರೆಯುವ ಸಾಫ್ಟ್‌ವೇರ್) ಇದ್ದ ಕಂಪ್ಯೂಟರ್ ಸುಟ್ಟಿತು. ಬ್ಯಾಕಪ್ ಇದೆಯೆಂದು ಧೈರ್ಯವಾಗಿದ್ದೆ. ಆ ಡಿಸ್ಕನ್ನು ಲ್ಯಾಪ್‌ಟಾಪಿಗೆ ಜೋಡಿಸಿದರೆ ದೀಪವೂ ಇಲ್ಲ, ಸದ್ದೂ ಇಲ್ಲ. ವರ್ಷವಿಡೀ ಅದೇ ಕಂಪ್ಯೂಟರಿಗೆ ಸಿಕ್ಕಿಸಿಯೇ ಇತ್ತು. ಮಾಲೀಕರಿಗೆ ಇನ್ನೂ ಹೇಳಿಲ್ಲ.

ಬೀದರಿನವ:
ಡಿಸ್ಕಿಗೆ ಪ್ರತ್ಯೇಕ ಅಡಾಪ್ಟರ್ ಇದೆಯೇ?

ಗಂಜ್ ಲೆಕ್ಕಿಗ:
ಇದೆ ಸರ್. ಮೂರೂವರೆ ಇಂಚಿನ ದೊಡ್ಡ ಡಿಸ್ಕ್, 12 ವೋಲ್ಟ್ ಅಡಾಪ್ಟರ್.

ಬೀದರಿನವ:
ಹಾಗಿದ್ದರೆ ಆಸೆ ಬಿಡಬೇಡಿ. ಅಷ್ಟೇ ವೋಲ್ಟಿನ, ಆಂಪಿಯರ್ ಕಡಿಮೆಯಿಲ್ಲದ ಬೇರೆ ಅಡಾಪ್ಟರ್ ಹಾಕಿ ನೋಡಿ. ಆಗದಿದ್ದರೆ ಡಬ್ಬಿ ಬಿಚ್ಚಿಸಿ. ಇಂಥವುಗಳ ಒಳಗೆ ಸಾಮಾನ್ಯವಾಗಿ ಸಾಟಾ ಡಿಸ್ಕ್ ಇರುತ್ತದೆ, ಅಂದರೆ ಸಾಟಾ ಕೇಬಲ್‌ನಿಂದ ಕಂಪ್ಯೂಟರಿಗೆ ನೇರವಾಗಿ ಜೋಡಿಸಬಹುದಾದ ಮಾಮೂಲಿ ಡಿಸ್ಕ್. ಸುಟ್ಟಿರುವುದು ಚಿಕ್ಕ ಯುಎಸ್‌ಬಿ ಬೋರ್ಡ್ ಮಾತ್ರ ಇರಬಹುದು. ಕೆಲವು ಮಾದರಿಗಳಲ್ಲಿ ಆ ಬೋರ್ಡೇ ದತ್ತಾಂಶವನ್ನು ಗೂಢಲಿಪಿಯಲ್ಲಿ ಬರೆಯುತ್ತದೆ. ಆಗ ವಿಂಡೋಸ್ ಫಾರ್ಮ್ಯಾಟ್ ಮಾಡಲೇ ಎಂದು ಕೇಳುತ್ತದೆ. ಒಪ್ಪಲೇಬೇಡಿ.

ಗಂಜ್ ಲೆಕ್ಕಿಗ:
ಸಾಟಾ ಕೇಬಲ್ ಹಾಕಿದೊಡನೆ ಫೋಲ್ಡರ್‌ಗಳು ಕಂಡವು! ಆದರೆ ಕೊನೆಯ ಬ್ಯಾಕಪ್ 11 ದಿನ ಹಿಂದಿನದು.

ಬೀದರಿನವ:
ಮೊದಲು ಅದನ್ನು ಬೇರೆ ಡಿಸ್ಕಿಗೆ ನಕಲಿಸಿ, ನಕಲಿನ ಮೇಲೆಯೇ ಕೆಲಸ ಮಾಡಿ. 11 ದಿನದ್ದನ್ನು ತೂಕದ ಚೀಟಿ, ಇ-ವೇ ಬಿಲ್, ಬ್ಯಾಂಕ್ ಸ್ಟೇಟ್‌ಮೆಂಟ್ ಇಟ್ಟುಕೊಂಡು ಮತ್ತೆ ಬರೆಯಬೇಕು. ಎಷ್ಟು ದಿನದ ಲೆಕ್ಕವನ್ನು ಕೈಯಿಂದ ಮತ್ತೆ ಬರೆಯಲು ನಿಮಗೆ ಸಾಧ್ಯ? ಬ್ಯಾಕಪ್ ಅಂತರ ಅದಕ್ಕಿಂತ ಹೆಚ್ಚಾಗಬಾರದು. ಮಾಲೀಕರನ್ನೇ ಕೇಳಿ, ಖರ್ಚಿಗೆ ಅವರೇ ಒಪ್ಪುತ್ತಾರೆ. ಎರಡು ಡಿಸ್ಕ್ ಸರದಿಯಲ್ಲಿ ಬಳಸಿ, ಒಂದು ಸದಾ ನಿಮ್ಮ ಮನೆಯಲ್ಲಿರಲಿ. ಪ್ರತಿ ರಾತ್ರಿ ಒಂದು ಪ್ರತಿ ಕ್ಲೌಡಿಗೆ ಹೋಗಲಿ. ಜಿಎಸ್‌ಟಿ ದಾಖಲೆಗಳನ್ನು ವಾರ್ಷಿಕ ರಿಟರ್ನ್ ಗಡುವಿನಿಂದ 72 ತಿಂಗಳು ಇಡಬೇಕೆಂಬುದೂ ನೆನಪಿರಲಿ.

ಭೀಮಾ ತೀರ (ಯಾದಗಿರಿ):
ಒಂದು ಮಾತು ಸೇರಿಸುತ್ತೇನೆ. 2020ರ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿದಾಗ ನಮ್ಮ ಗೋದಾಮಿಗೂ ನೀರು ಬಂತು. ಎರಡನೇ ಪ್ರತಿ ಪಕ್ಕದ ಕೋಣೆಯ ಕೆಳಗಿನ ಕಪಾಟಿನಲ್ಲಿತ್ತು! ದೂರ ಎಂದರೆ ಬೇರೆ ಊರು. ಮೂರು ತಿಂಗಳಿಗೊಮ್ಮೆ ಆ ಪ್ರತಿಯನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ಬಾಕಿ ತಾಳೆ ನೋಡಿ. ತೆರೆದು ನೋಡದ ಬ್ಯಾಕಪ್ಪನ್ನು ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಗಂಜ್ ಲೆಕ್ಕಿಗ:
ಆಳಂದದಲ್ಲಿ ಅಕ್ಕನ ಮನೆಯಿದೆ, ಒಂದು ಡಿಸ್ಕ್ ಅಲ್ಲಿಗೆ ಹೋಗುತ್ತದೆ. ಈಗ ಎಲೆಕ್ಟ್ರಿಷಿಯನ್ ಬಂದಿದ್ದಾರೆ. ಅರ್ಥಿಂಗ್ ಗುಂಡಿಗೆ ನೀರು ಹಾಕಿ ಎಷ್ಟು ವರ್ಷವಾಯಿತು ಎಂದು ಕೇಳುತ್ತಿದ್ದಾರೆ. ಗುಂಡಿ ಎಲ್ಲಿದೆ ಎಂದು ಹುಡುಕುತ್ತಿದ್ದೇವೆ.