ಗೋಡೆ ನನ್ನದೇ, ಆದರೂ ಬಣ್ಣ ಬಳಿಯುವ ಹಾಗಿಲ್ಲವೇ?

ಪ್ರಶ್ನೆ: ಮೇಡಂ, ನೀವು ಇಪ್ಪತ್ತು ವರ್ಷದಿಂದ ಗೋಡೆಚಿತ್ರ ಬರೆಯುತ್ತಿರುವವರು ಅಂತ ಕೇಳುತ್ತಿದ್ದೇನೆ. ನಮ್ಮ ಕಾಂಪೌಂಡ್ ಗೋಡೆಯ ಹೊರಮೈ ರಸ್ತೆಗಿದೆ. ನಾಲ್ಕು ವರ್ಷದ ಹಿಂದೆ ಒಬ್ಬ ಹುಡುಗ ಬಂದು ಚಿತ್ರ ಬರೆಯಲೇ ಅಂದ, ಹೂಂ ಅಂದೆ. ದುಡ್ಡೂ ಇಲ್ಲ, ಕಾಗದವೂ ಇಲ್ಲ. ಹಗ್ಗಕ್ಕೆ ಬಟ್ಟೆ ಒಣಹಾಕುತ್ತಿರುವ ಅಜ್ಜಿಯೊಬ್ಬಳನ್ನು ಬರೆದು ಹೋದ. ಈಗ ಅಜ್ಜಿಯ ಮೊಣಕಾಲಿನ ತನಕ ಗೋಡೆ ಉಬ್ಬಿದೆ, ಬಣ್ಣ ಹಪ್ಪಳದ ಹಾಗೆ ಎದ್ದು ಬರುತ್ತಿದೆ. ಪ್ಲಾಸ್ಟರ್ ಕೆತ್ತಿಸಿ ಬಣ್ಣ ಹೊಡೆಸೋಣ ಅಂದರೆ ಬೀದಿಯವರೆಲ್ಲ ಜಗಳಕ್ಕೆ ನಿಂತಿದ್ದಾರೆ. ಗೋಡೆ ನನ್ನದು ತಾನೇ?

ಉತ್ತರ: ಇಟ್ಟಿಗೆ ನಿಮ್ಮದು ಸರ್, ಅದರಲ್ಲಿ ಎರಡು ಮಾತಿಲ್ಲ. ಇಂಗ್ಲೆಂಡಿನ ಫೋಕ್‌ಸ್ಟನ್‌ನಲ್ಲಿ 2014ರಲ್ಲಿ ಬ್ಯಾಂಕ್ಸಿ ಅನ್ನುವ ಹೆಸರಾಂತ ಬೀದಿ ಕಲಾವಿದ ಒಂದು ಕಟ್ಟಡದ ಗೋಡೆ ಮೇಲೆ ಚಿತ್ರ ಬಿಡಿಸಿದಾಗ, ಅಲ್ಲಿ ಬಾಡಿಗೆಗಿದ್ದ ಕಂಪನಿ ಗೋಡೆಯ ಆ ಭಾಗವನ್ನೇ ಕೊಯ್ದು ಮಾರಲು ಹೊರಟಿತು. ಗೋಡೆಯಿಂದ ಬೇರೆಯಾದ ತುಂಡೂ ಕಟ್ಟಡದ ಒಡೆಯನಿಗೇ ಸೇರಿದ್ದು, ಬಾಡಿಗೆದಾರನಿಗಲ್ಲ ಅಂತ 2015ರಲ್ಲಿ ಅಲ್ಲಿನ ಹೈಕೋರ್ಟ್ ಹೇಳಿತು.

ಆದರೆ ಚಿತ್ರದ ಹಕ್ಕುಸ್ವಾಮ್ಯ ಇನ್ನೂ ಆ ಹುಡುಗನದೇ. ನೀವು ಹೂಂ ಅಂದದ್ದು ಬರೆಯುವುದಕ್ಕೆ; ಅವನು ತನ್ನ ಹಕ್ಕನ್ನೇನೂ ನಿಮಗೆ ಬರೆದುಕೊಟ್ಟಿಲ್ಲ. ಅದರ ಜೊತೆ ನೈತಿಕ ಹಕ್ಕು ಅಂತ ಇನ್ನೊಂದಿದೆ, ಹಕ್ಕುಸ್ವಾಮ್ಯದ ಅಂತರರಾಷ್ಟ್ರೀಯ ಒಪ್ಪಂದವಾದ ಬರ್ನ್ ಒಪ್ಪಂದಕ್ಕೆ 1928ರಲ್ಲಿ ಸೇರಿದ್ದು: ಕಲಾವಿದನ ಮರ್ಯಾದೆಗೆ ಕುಂದು ಬರುವ ಹಾಗೆ ಕೃತಿಯನ್ನು ವಿಕಾರ ಮಾಡಬಾರದು. ಪೂರ್ತಿ ಅಳಿಸಿಬಿಟ್ಟರೆ? ಅದನ್ನು ಒಪ್ಪಂದ ಬಿಡಿಸಿ ಹೇಳುವುದಿಲ್ಲ, ಕೋರ್ಟುಗಳೂ ಒಂದೇ ದಾರಿ ಹಿಡಿದಿಲ್ಲ. ದೆಹಲಿಯ ವಿಜ್ಞಾನ ಭವನದ ಕಂಚಿನ ಭಿತ್ತಿಶಿಲ್ಪ ಕಿತ್ತದ್ದಕ್ಕೆ ದೆಹಲಿ ಹೈಕೋರ್ಟ್ 2005ರಲ್ಲಿ ಅದನ್ನು ಮಾಡಿದ ಶಿಲ್ಪಿ ಅಮರನಾಥ್ ಸೆಹಗಲ್ ಅವರಿಗೆ 5 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಅದೇ ಕೋರ್ಟ್ 2019ರಲ್ಲಿ, ಕೆಡವಿದ ಕಟ್ಟಡವೊಂದರ ವಾಸ್ತುಶಿಲ್ಪಿ ಕೇಳಿಕೊಂಡು ಬಂದಾಗ, ಜಾಗದ ಮಾಲೀಕನ ಕಡೆ ನಿಂತಿತು.

ನಿಮಗೆ ಪಾಠ ಇರುವುದು ನ್ಯೂಯಾರ್ಕಿನ ಫೈವ್ ಪಾಯಿಂಟ್ಸ್ ಕಥೆಯಲ್ಲಿ. ಹಳೇ ಫ್ಯಾಕ್ಟರಿ; ಮಾಲೀಕನೇ ವರ್ಷಗಟ್ಟಲೆ ಚಿತ್ರ ಬರೆಯುವವರಿಗೆ ಗೋಡೆ ಬಿಟ್ಟುಕೊಟ್ಟಿದ್ದ. 2013ರ ನವೆಂಬರಿನಲ್ಲಿ ಯಾರಿಗೂ ಹೇಳದೆ ರಾತ್ರೋರಾತ್ರಿ ಎಲ್ಲಕ್ಕೂ ಬಿಳಿ ಬಣ್ಣ ಬಳಿಸಿದ. 2018ರಲ್ಲಿ 45 ಚಿತ್ರಗಳಿಗೆ ತಲಾ ಒಂದೂವರೆ ಲಕ್ಷ, ಒಟ್ಟು 67.5 ಲಕ್ಷ ಡಾಲರ್ ದಂಡ ಬಿತ್ತು. ಕಟ್ಟಡ ಕೆಡವುವ ಪರವಾನಗಿ ಬರುವ ತನಕ ಹತ್ತು ತಿಂಗಳು ತಡೆದು ಕೆಡವಿದ್ದರೆ ಇದನ್ನು ಬೇಕಂತಲೇ ಮಾಡಿದ್ದು ಅನ್ನುತ್ತಿರಲಿಲ್ಲ ಎಂದು ನ್ಯಾಯಾಧೀಶರೇ ಬರೆದರು. ಆತ ತೆತ್ತದ್ದು ಆತುರದ ಬೆಲೆ.

ಹಾಗಾಗಿ ಮೊದಲು ಹುಡುಗನನ್ನು ಹುಡುಕಿ. ಬರಹದಲ್ಲಿ ತಿಳಿಸಿ, ಒಂದೆರಡು ತಿಂಗಳು ಸಮಯ ಕೊಡಿ, ಬೆಳಗಿನ ಬೆಳಕಲ್ಲಿ ಒಳ್ಳೆಯ ಫೋಟೊ ತೆಗೆಸಿಡಿ. ಬೀದಿಯವರಿಗೆ ಕಾನೂನಿನ ಹಕ್ಕು ಹೆಚ್ಚೇನೂ ಸಿಗದು. ಆದರೂ ನಾಲ್ಕು ವರ್ಷ ದಿನಾ ನೋಡಿದವರು ಅವರು. ನೀವು ಒಳಗಿದ್ದವರು, ನಿಮಗೆ ಅಜ್ಜಿ ಕಂಡದ್ದೇ ಕಡಿಮೆ.

ಇನ್ನು ಗೋಡೆ. ಉಬ್ಬಿದ ಕಡೆ ಉಗುರಿಂದ ಕೆರೆದು ನೋಡಿ. ಹತ್ತಿಯ ಹಾಗೆ ಬಿಳಿ ಪುಡಿ ಉದುರಿದರೆ ಅದು ಉಪ್ಪು. ನೆಲದ ತೇವ ಮೇಲೇರಿದೆ, ಅಕ್ರಿಲಿಕ್ ಪದರ ಅದನ್ನು ಹೊರಗೆ ಬಿಡುತ್ತಿಲ್ಲ. ತೇವದ ಮೂಲ ನಿಲ್ಲಿಸದೆ ಏನು ಬಳಿದರೂ ಮತ್ತೆ ಇದೇ ಗತಿ. ತೇವವನ್ನು ಹೊರಗೆ ಬಿಡುವ, ಅಂದರೆ ಉಸಿರಾಡುವ ಸಿಲಿಕೇಟ್ ಬಣ್ಣ ಇದೆ. ಜರ್ಮನಿಯ ಕೈಮ್ 1878ರಲ್ಲೇ ಪೇಟೆಂಟ್ ಪಡೆದದ್ದು. ನಮ್ಮ ಹುಡುಗರಿಗೆ ಸ್ಪ್ರೇ ಡಬ್ಬ ಬಿಟ್ಟು ಬೇರೆ ಕಾಣುವುದಿಲ್ಲ, ಏನು ಮಾಡುವುದು.

ಇನ್ನೊಬ್ಬ ಸದಸ್ಯೆ: ನಾನು ಅದೇ ಗೋಡೆಯ ಎದುರುಮನೆಯವಳು! ಕಿಟಕಿ ತೆರೆದರೆ ಅಜ್ಜಿಯ ಕಣ್ಣು ನೇರ ನಮ್ಮ ಅಡುಗೆಮನೆಗೆ. ಎಲ್ಲರೂ ಚಂದ ಅಂತಾರೆ, ನಾನು ಪರದೆ ಹಾಕಿಕೊಂಡು ಕೂತಿದ್ದೇನೆ. ನನ್ನನ್ನು ಯಾರು ಕೇಳಿದರು?

ಉತ್ತರ: ಯಾರೂ ಕೇಳಲಿಲ್ಲ, ಅದೇ ತಪ್ಪು ಅಕ್ಕಾ. ಗ್ಯಾಲರಿಯ ಚಿತ್ರ ಬೇಡವಾದರೆ ಹೋಗದಿದ್ದರಾಯಿತು. ಬೀದಿಯ ಚಿತ್ರವೇ ನಿಮ್ಮ ಮನೆಯೊಳಗೆ ಬರುತ್ತದೆ. ನ್ಯೂಯಾರ್ಕಿನ ಸರ್ಕಾರಿ ಕಚೇರಿಯ ಮುಂದಿನ ಬಯಲಲ್ಲಿ 1981ರಲ್ಲಿ ಶಿಲ್ಪಿ ರಿಚರ್ಡ್ ಸೆರಾ 120 ಅಡಿ ಉದ್ದ, 12 ಅಡಿ ಎತ್ತರದ ಉಕ್ಕಿನ ಗೋಡೆ ನಿಲ್ಲಿಸಿದರು. ನೇರ ದಾಟಿ ಹೋಗುತ್ತಿದ್ದ ನೌಕರರು ದಿನಾ ಸುತ್ತಿಕೊಂಡು ಹೋಗಬೇಕಾಯಿತು. 1985ರ ವಿಚಾರಣೆಯಲ್ಲಿ ಮಾತಾಡಿದವರಲ್ಲಿ 122 ಮಂದಿ ಇರಲಿ ಅಂದರು, 58 ಮಂದಿ ತೆಗೆಯಿರಿ ಅಂದರು. ಆದರೂ 1989ರಲ್ಲಿ ಅದನ್ನು ಕತ್ತರಿಸಿ ಸಾಗಿಸಿದರು. ಕಲಾವಿದರ ಗುಂಪಿನಲ್ಲಿ ಇದನ್ನು ಹೇಳಿದರೆ ಬೈಸಿಕೊಳ್ಳುತ್ತೇನೆ, ಆದರೂ ನನ್ನ ಮನಸ್ಸು ಆ 58 ಮಂದಿಯ ಕಡೆಗೇ. ಅವರಲ್ಲಿ ಎಷ್ಟೋ ಜನಕ್ಕೆ ಅದು ಶಿಲ್ಪದ ಪ್ರಶ್ನೆಯಾಗಿರಲಿಲ್ಲ, ದಿನಾ ನಡೆಯುವ ದಾರಿಯ ಪ್ರಶ್ನೆ. ನಾನೀಗ ಗೋಡೆ ಒಪ್ಪಿಕೊಳ್ಳುವ ಮೊದಲು ಎದುರಿನ ಕಿಟಕಿಗಳ ಒಳಗೆ ನಿಂತು ನೋಡಿ ಬರುತ್ತೇನೆ. ಮುಖ ಬರೆಯುವುದಾದರೆ ನೋಟ ಬೇರೆ ಕಡೆ ತಿರುಗಿಸುತ್ತೇನೆ.

ಮತ್ತೊಬ್ಬರು: ಆ ಚಿತ್ರದ ಫೋಟೊ ತೆಗೆದು ಕ್ಯಾಲೆಂಡರ್ ಮಾಡಿ ಮಾರಬಹುದೇ?

ಉತ್ತರ: ಜರ್ಮನಿಯಲ್ಲಾದರೆ ಬಹುಮಟ್ಟಿಗೆ ಹೌದು. ಫ್ರಾನ್ಸ್‌ನಲ್ಲಿ ವ್ಯಾಪಾರಕ್ಕಾದರೆ ಇಲ್ಲ. ಭಾರತದ ಕಾಯ್ದೆಯಲ್ಲಿ ಬಯಲಲ್ಲಿ ಕಾಯಂ ಇರುವ ಪ್ರತಿಮೆಗೆ ಆ ವಿನಾಯಿತಿ ಉಂಟು, ಗೋಡೆಯ ವರ್ಣಚಿತ್ರ ಅದರೊಳಗೆ ಬರುವುದಿಲ್ಲ. ಬರೆದವನನ್ನು ಕೇಳಿ.

ಮೊದಲ ಪ್ರಶ್ನೆ ಕೇಳಿದವರು: ಮೇಡಂ, ಹುಡುಗ ಸಿಕ್ಕಿದ. ನಡುಗುತ್ತಲೇ ವಿಷಯ ಹೇಳಿದೆ. "ನಾಲ್ಕು ವರ್ಷ ಆಯ್ತಲ್ಲ ಸರ್, ಬಟ್ಟೆ ಒಣಗಿರುತ್ತೆ. ಅಜ್ಜಿ ಒಳಗೆ ಹೋಗ್ಲಿ ಬಿಡಿ" ಅಂದ.

ಉತ್ತರ: ಒಳ್ಳೆ ಹುಡುಗ. ಅದನ್ನೇ ಮೆಸೇಜ್ ಮಾಡಿ ಕಳಿಸಲು ಹೇಳಿ ಸರ್, ಅಳಿಸದೆ ಇಟ್ಟುಕೊಳ್ಳಿ.